ಉಪ್ಪಿನ ಒತ್ತಡ

ಸೊಸೆ ಜಯಪ್ರಿಯಾಗೆ ಹೇಳಬೇಕು. ಇವತ್ತು ರಾತ್ರಿ ಮಗು ಮಲಗುವುದರೊಳಗೆ ಹೇಳಲೇಬೇಕು, ಏಕೆಂದರೆ ಇವತ್ತಿನಿಂದ ಆ ಬಿಳಿ ಮಾತ್ರೆಯನ್ನು ಮತ್ತೆ ಕೊಡಬೇಕು. ಮತ್ತೆ ಎಂಬ ಮಾತು ಕಿವಿಗೆ ಬಿದ್ದೊಡನೆ ಸೊಸೆ ಕೇಳಿಯೇ ಕೇಳುತ್ತಾಳೆ, ಹಾಗಾದರೆ ಇಷ್ಟು ದಿನ ಕೊಡುತ್ತಿರಲಿಲ್ಲವೇ ಎಂದು. ಆಸ್ಪತ್ರೆಯಿಂದ ಹೊರಟು ಉಕ್ಕಡದಲ್ಲಿ ಊರಿನ ಉಡುಮಲೈ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗಿನಿಂದ ಕನ್ನಿಯಮ್ಮಾಳ್ ಇದೊಂದನ್ನೇ ಬಾಯೊಳಗೆ ಹುಣಿಸೆಬೀಜದ ಹಾಗೆ ಹೊರಳಿಸುತ್ತಿದ್ದಳು. ತೊಡೆಯ ಮೇಲೆ ಮೊಮ್ಮಗಳು ಧರಣಿಯ ತಲೆ. ಹತ್ತು ತುಂಬಿದ ಹುಡುಗಿ, ನೋಡಿದವರು ಏಳೆನ್ನುತ್ತಾರೆ. ಮಾಸ್ಕು ಗಲ್ಲಕ್ಕೆ ಜಾರಿತ್ತು. ಮೂಗಿನ ಮೇಲಕ್ಕೆ ಎಳೆದಳು, ಸ್ವಲ್ಪ ಹೊತ್ತಿಗೆ ಮತ್ತೆ ಜಾರಿತು. ನಿನ್ನೆಯಿಂದ ಇವತ್ತಿನವರೆಗೆ ತೋಳಿಗೆ ಕಟ್ಟಿದ್ದ ಬಿಪಿ ಮೆಷಿನ್ನಿನ ಪಟ್ಟಿ ಕೆಂಪಗೆ ಗುರುತು ಉಳಿಸಿತ್ತು. ಈ ಹುಡುಗಿಯ ಹೊಟ್ಟೆಯಲ್ಲಿ, ಬಲಗಡೆ, ಕೈಯಿಟ್ಟರೆ ಸಿಗುವಷ್ಟು ಮೇಲೆಯೇ, ಕನ್ನಿಯಮ್ಮಾಳ ಒಂದು ಕಿಡ್ನಿ ಇತ್ತು. ಮಗನ ರಕ್ತ ಹೊಂದಿರಲಿಲ್ಲ. ಸೊಸೆಗೆ ಸಣ್ಣ ವಯಸ್ಸಿಗೇ ಸಕ್ಕರೆ. ಉಳಿದವಳು ಅವಳು. ಕೊಟ್ಟಳು. ತಾನೇ ಕೊಟ್ಟದ್ದನ್ನು ತಾನೇ ತನ್ನ ಕೈಯಾರೆ ಕೆಡಿಸಿದ್ದಳೋ ಇಲ್ಲವೋ ಎಂಬುದು ಇವತ್ತು ತೆಗೆದ ರಕ್ತದಲ್ಲಿ ಇತ್ತು. ಅದರ ಫಲ ನಾಳೆ ಗೊತ್ತಾಗುತ್ತದೆ.

ಆಪರೇಷನ್ ಆದ ಮೇಲೆ ಮನೆಯಲ್ಲಿ ಅವಳ ಮಾತಿಗೆ ಎದುರು ಮಾತಿಲ್ಲವಾಗಿತ್ತು. ಯಾರೂ ಹಾಗೆಂದು ಹೇಳಿಕೊಂಡು ಮಾಡಿದ್ದಲ್ಲ, ತಾನಾಗಿ ಆದದ್ದು. ಮೊದಲೆಲ್ಲ ಸಾರಿಗೆ ಹುಳಿ ಹೆಚ್ಚಾಯಿತೆಂದು ಮುಖ ಮುರಿಯುತ್ತಿದ್ದ ಜಯಪ್ರಿಯಾ ಈಗ ಹಾಕಿದ್ದನ್ನು ತಿಂದು ತಟ್ಟೆ ತೊಳೆದಿಡುತ್ತಿದ್ದಳು. ಉಪ್ಪಿನ ಜಾಡಿ ಅಟ್ಟ ಸೇರಿತು. ಮಗುವಿಗೆ ಬೇಡವಾದದ್ದು ಮನೆಗೇ ಬೇಡ ಎಂದು ಕನ್ನಿಯಮ್ಮಾಳ್ ಹೇಳಿದ್ದೇ ಕಾನೂನಾಯಿತು. ಮಗ ಪ್ರೇಮ್ ಕುಮಾರ್ ತೇಂಗಾಯಿ ಲೋಡಿನ ಜೊತೆ ಕಾಂಗೇಯಕ್ಕೆ ಹೋದಾಗ ಹೋಟೆಲಿನಲ್ಲಿ ಉಪ್ಪಿನ ಆಸೆ ತೀರಿಸಿಕೊಂಡು ಬರುತ್ತಾನೆಂದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಆದರೂ ಅವನು ಮನೆಯಲ್ಲಿ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಮಾತ್ರೆಗಳ ಡಬ್ಬಿ ಅವಳ ಕೈಯಲ್ಲಿತ್ತು. ಕಿಡ್ನಿಯನ್ನು ಮೈ ತಳ್ಳಿಬಿಡದ ಹಾಗೆ ಕೊಡುವ ಮಾತ್ರೆ, ಹೊತ್ತು ತಪ್ಪಿಸಬಾರದ ಮಾತ್ರೆ, ಬಿಪಿಯ ಬಿಳಿ ಮಾತ್ರೆ. ಓದು ಅಷ್ಟಕ್ಕಷ್ಟೆ, ಬಣ್ಣ, ಆಕಾರ ನೋಡಿ ಒಂದು ದಿನವೂ ತಪ್ಪದೆ ಕೊಟ್ಟಿದ್ದಳು. ತಿರುಪ್ಪೂರಿನ ಬನಿಯನ್ ಕಂಪೆನಿಯಲ್ಲಿ ದಿನವಿಡೀ ನಿಂತು ಬಟ್ಟೆ ಚೆಕಿಂಗ್ ಮಾಡಿ ಬೈಗಿಗೆ ಕಂಪೆನಿ ವ್ಯಾನಿನಲ್ಲಿ ಇಳಿಯುವ ಸೊಸೆ ಕಾಲು ಚಾಚಿ ಕೂತು, 'ಕೊಟ್ಟಾಯ್ತಾ ಅತ್ತೆ' ಎಂದಷ್ಟೇ ಕೇಳುತ್ತಿದ್ದಳು. ಆಯ್ತು ಎಂದರೆ ಆಯ್ತು. ಆ ನಂಬಿಕೆ ಕನ್ನಿಯಮ್ಮಾಳಿಗೆ ಹಿತವಾಗಿತ್ತು. ಹಿತವಾಗಿತ್ತೆಂದು ಈಗ ನೆನೆದರೆ ಮೈ ಮುದುಡುತ್ತಿತ್ತು.

ಕಂಡಕ್ಟರ್ ಬಂದು ಚಿಲ್ಲರೆ ಕೊಟ್ಟು ಹೋದ. ಕಿಣತ್ತುಕಡವಿನ ಗುಡ್ಡ ಕಿಟಕಿಯಲ್ಲಿ ಬಂದು ಹಿಂದಕ್ಕೆ ಸರಿಯಿತು. ಎಲ್ಲ ಆ ಡಾಕ್ಟರಿಂದ ಎಂದು ಒಂದು ಗಳಿಗೆ ಅನಿಸಿತು, ಮರುಗಳಿಗೆಯೇ ಅದು ಸುಳ್ಳೆಂದೂ ಅನಿಸಿತು. ಆಸ್ಪತ್ರೆಯಲ್ಲಿ ಎಲ್ಲವೂ ತಮಿಳು. ತೆನ್ಮೊಳಿ ಎಂಬ ನರ್ಸಮ್ಮ ಪಾಟಿ, ಅಂದರೆ ಅಜ್ಜಿ, ಎಂದು ಕರೆಯುತ್ತ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು, ಕನ್ನಿಯಮ್ಮಾಳಿಗೆ ಎಲ್ಲ ಅರ್ಥವಾಗುತ್ತಿತ್ತು. ಹಗಲಲ್ಲಿ ನಾವು ನೋಡಿದಾಗ ಪಾಪುವಿನ ಬಿಪಿ ಸರಿಯಾಗೇ ಇರುತ್ತದೆ ಪಾಟಿ, ಮಲಗಿದ ಮೇಲೆ ಎಲ್ಲರಿಗೂ ಇಳಿಯಬೇಕು, ಇವಳಿಗೆ ಇಳಿಯುವುದಿಲ್ಲವೇನೋ ಎಂದು ಡಾಕ್ಟರಿಗೆ ಸಂಶಯ, ಅದಕ್ಕೆ ಒಂದು ಹಗಲು ಒಂದು ರಾತ್ರಿ ಈ ಮೆಷಿನ್ ಕಟ್ಟಿಕೊಂಡಿರಲಿ, ಅದೇ ಆಗಾಗ ಹಿಡಿದು ಬಿಟ್ಟು ನೋಡುತ್ತದೆ ಎಂದು ಮೊದಲ ಸಲ ವಿವರಿಸಿದ್ದು ಅವಳೇ. ರಾತ್ರಿ ಏರುವ ಬಿಪಿ ಸದ್ದಿಲ್ಲದೆ ಕಿಡ್ನಿ ತಿನ್ನುತ್ತದೆ ಎಂದೂ ಹೇಳಿದ್ದಳು. ಮೈ ಮಲಗಿದರೂ ರಕ್ತ ಮಲಗುವುದಿಲ್ಲ ಎಂದು ಕನ್ನಿಯಮ್ಮಾಳ್ ಅದನ್ನು ತನ್ನ ಮಾತಿಗೆ ತಂದುಕೊಂಡು, ತನ್ನ ಹಾಗೆಯೇ ಎಂದು ನಿಟ್ಟುಸಿರುಬಿಟ್ಟಿದ್ದಳು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ತೆನ್ಮೊಳಿಯೇ ನಗುತ್ತ, ಪಾಟಿ, ಹೊಸ ಡಾಕ್ಟರು ನಿಮ್ಮ ಭಾಷೆಯವರು, ಹೋಗಿ ಮಾತಾಡಿ ಎಂದು ಒಳಗೆ ಕಳಿಸಿದ್ದಳು.

ದಾವಣಗೆರೆ ಕಡೆಯ ಚನ್ನವೀರ ಡಾಕ್ಟರು. ಚಿಕ್ಕ ಪ್ರಾಯ, ಮುಖದ ತುಂಬ ನಿದ್ದೆಗೆಟ್ಟ ಕಣ್ಣು. 'ಮನೇಲಿ ಕನ್ನಡ ಮಾತಾಡ್ತೀರಾ ಅಮ್ಮಾ' ಎಂದು ಕೇಳಿದ್ದರು. 'ಆಮಾ ಸಾರ್, ನಮ್ದು ಕನ್ನಡಾನೇ. ಬರೆಯಾಕೆ ಓದಾಕೆ ಮಾತ್ರ ತಿಳಿಯಾದಿಲ್ಲ' ಎಂದಿದ್ದಳು. ಮಗುವಿಗೆ ಹೊತ್ತಾರೆ ಇದು, ಬೈಗಿಗೆ ಇದು ಎಂದು ಮಾತ್ರೆಗಳನ್ನು ತೋರಿಸಿದಾಗ ಅವರು ಬರೆಯುವುದನ್ನು ನಿಲ್ಲಿಸಿ, 'ಬೈಗು ಅಂತ ನಮ್ಮಜ್ಜಿ ಅಂತಿದ್ರು. ಕೇಳಿ ಎಷ್ಟು ವರ್ಷ ಆಯ್ತು' ಎಂದರು. ಅಷ್ಟು ಸಾಕಾಯಿತು. ಆ ದಿನ ಬಸ್ಸಿನಲ್ಲಿ ಹಿಂತಿರುಗುವಾಗ ಕನ್ನಿಯಮ್ಮಾಳ ಕಾಲು ನೆಲದ ಮೇಲಿರಲಿಲ್ಲ. ಪ್ರೇಮ್ ಕುಮಾರ್ ಚಿಕ್ಕವನಿದ್ದಾಗ ಸ್ಕೂಲಿನ ಬಾಗಿಲು ಬಂತೆಂದರೆ ನಾಲ್ಕು ಹೆಜ್ಜೆ ಮುಂದೆ ನಡೆದು, ಬಾಯಿ ಮುಚ್ಕೊಂಡು ಬಾ ಅವ್ವಾ, ಕೇಳಿದ್ರೆ ನಗ್ತಾರೆ ಎನ್ನುತ್ತಿದ್ದ. ಸಂತೆಯಲ್ಲಿ, ಪತ್ರ ಬರೆಸುವಲ್ಲಿ, ರೇಷನ್ ಅಂಗಡಿಯಲ್ಲಿ ತನ್ನ ಕನ್ನಡವನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡೇ ಮುದುಕಿಯಾದವಳು ಅವಳು. ಬಿಳಿ ಕೋಟಿನವನೊಬ್ಬ ಅದನ್ನು ಕೇಳಿ ಕಣ್ಣರಳಿಸಿದ್ದ. ಇಂಗ್ಲಿಷ್ ತಿಳಿಯದ ಮುದುಕಿಗೆಂದು ಅವನೂ ಇಂಗ್ಲಿಷ್ ಹೆಕ್ಕಿ ತೆಗೆದು ಚೊಕ್ಕ ಕನ್ನಡದಲ್ಲಿ ಮಾತಾಡತೊಡಗಿದ್ದ. ಬಿಪಿ ಎಂದಿದ್ದರೆ ಸಾಕಿತ್ತು. ಬಿಪಿ ಅವಳಿಗೆ ಮನೆಯ ಮಗುವಿನಷ್ಟೇ ಪರಿಚಯ.

ಫೋನು ಬಂದದ್ದು ಆಡಿ ತಿಂಗಳಲ್ಲಿ. ಮೆಷಿನ್ ವಾಪಸು ಕೊಟ್ಟು ಬಂದ ಮಾರನೆಯ ದಿನ ಅವಳು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಪಾಲಕ್ಕಾಡಿನ ಬೆಟ್ಟಗಳ ಸಂದಿಯಿಂದ ನುಗ್ಗುವ ಗಾಳಿ ತೆಂಗಿನ ತಲೆಗಳನ್ನು ಹಿಡಿದು ಅಲುಗಿಸುತ್ತಿತ್ತು. ಒಬ್ಬರ ಮಾತು ಒಬ್ಬರಿಗೆ ಕೇಳುವಂತಿರಲಿಲ್ಲ. ತೆನ್ಮೊಳಿಯಾಗಿದ್ದರೆ ತಮಿಳಿನಲ್ಲಿ ಹೇಳುತ್ತಿದ್ದಳು, ಕತೆ ಅಲ್ಲಿಗೆ ಮುಗಿಯುತ್ತಿತ್ತು. ಡಾಕ್ಟರೇ ಮಾಡಿದ್ದರು, ಪ್ರೀತಿಯಿಂದ. 'ಅಮ್ಮಾ, ಬೆಳಿಗ್ಗೆ ಕೊಡೋ ಆ ಬಿಳಿ ಮಾತ್ರೆ ಇನ್ಮೇಲೆ ಬೆಳಿಗ್ಗೆ ಬೇಡ. ರಾತ್ರಿ ಮಲಗೋ ಹೊತ್ತಿಗೆ ಒತ್ತಡಕ್ಕೆ ಕೊಡಿ. ನಮಗೆ ರಾತ್ರಿ ಒತ್ತಡ ತುಂಬಾ ಮುಖ್ಯ. ಒಂದು ದಿನಾನೂ ತಪ್ಪಿಸಬೇಡಿ. ಮುಂದಿನ ಸಲ ಬಂದಾಗ ಬರೆದುಕೊಡ್ತೀನಿ.' ಹೀಗೆ ಹೇಳಿದರಂತೆ. ಇವತ್ತು ಅವರೇ ಮತ್ತೊಮ್ಮೆ ಹೇಳಿ ತೋರಿಸಿದರು. ಆ 'ಕ್ಕೆ' ಎಂಬುದನ್ನು ಗಾಳಿ ಎಲ್ಲಿ ಎತ್ತಿಕೊಂಡು ಹೋಯಿತೋ. ಅವಳ ಕಿವಿಗೆ ಬಿದ್ದದ್ದು ಬಿಳಿ ಮಾತ್ರೆ ಬೇಡ, ರಾತ್ರಿ ಒತ್ತಡ ಕೊಡಿ ಎಂದು. ಒತ್ತಡವೆಂದರೆ ಅವಳಿಗೆ, ಅವಳ ತಾಯಿಗೆ, ಉಡುಮಲೈ ಸುತ್ತಿನ ಯಾರಿಗೇ ಆಗಲಿ ಒಂದೇ: ಕಲ್ಲುಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡಿ ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ ನೋವಿರುವಲ್ಲಿ ಒತ್ತಿ ಒತ್ತಿ ಎತ್ತುವುದು. ಉಳುಕಿಗೆ ಒತ್ತಡ, ಬಾಣಂತಿಯ ಸೊಂಟಕ್ಕೆ ಒತ್ತಡ. ಇಷ್ಟು ದೊಡ್ಡ ಆಸ್ಪತ್ರೆಯ ಡಾಕ್ಟರು ಕೊನೆಗೂ ತನಗೆ ಗೊತ್ತಿರುವ ಒಂದು ಮದ್ದು ಹೇಳಿದರಲ್ಲ ಎಂದು ಅವಳ ಎದೆ ತುಂಬಿ ಬಂದಿತ್ತು.

ಸೊಸೆ ಅವತ್ತೇ ಕೇಳಿದ್ದಳು. ಅದನ್ನು ಮರೆಯುವಂತಿಲ್ಲ. 'ಒತ್ತಡವಾ? ಡಾಕ್ಟರಾ ಹಂಗಂದ್ರು? ತೆನ್ಮೊಳಿ ಸಿಸ್ಟರ್ ಹತ್ರ ಒಂದ್ ದಪ ಕೇಳ್ಬಿಡ್ಲಾ ಅತ್ತೆ.' ಕನ್ನಿಯಮ್ಮಾಳ್ ತಿರುಗಿ ನೋಡಿ, 'ನಮ್ಮ ಮಾತಲ್ಲಿ ಹೇಳಿದ್ದು ನನಗೆ ತಿಳಿಯಾದಿಲ್ವಾ? ಆ ತಮಿಳ್ ಪುಳ್ಳೆ ಹತ್ರ ಕೇಳ್ಬೇಕಾ?' ಎಂದಳು. ಹೇಳುತ್ತಾ ಹೇಳುತ್ತಾ ಕೈ ತಾನಾಗಿ ಬೆನ್ನ ಕೆಳಗಿನ ಹೊಲಿಗೆಯ ಗುರುತಿನ ಮೇಲೆ ಹೋಗಿತ್ತು. ಬೇಕೆಂದೇ ಇಟ್ಟದ್ದೋ, ನೋವಿಗೆ ಇಟ್ಟದ್ದೋ, ಈಗ ಕೇಳಿದರೆ ಅವಳಿಗೂ ಗೊತ್ತಿಲ್ಲ. ಜಯಪ್ರಿಯಾಳ ಕಣ್ಣು ಆ ಕೈಯ ಮೇಲೆ ಬಿತ್ತು. ಸರಿ ಅತ್ತೆ ಎಂದಳು, ಅಲ್ಲಿಗೆ ಬಿಟ್ಟಳು.

ಅಟ್ಟದಿಂದ ಉಪ್ಪಿನ ಜಾಡಿ ಇಳಿಯಿತು. ತಿನ್ನಲು ಬೇಡವಾದ ಉಪ್ಪು ಮೈಗೆ ಹೊರಗಿನಿಂದ ಬೇಕಾದದ್ದು ಅವಳಿಗೆ ನ್ಯಾಯವಾಗಿಯೇ ತೋರಿತು. ಎಲ್ಲಿಗೆ ಕೊಡಬೇಕೆಂದು ಡಾಕ್ಟರು ಹೇಳಿರಲಿಲ್ಲ. ಹೊಟ್ಟೆಯ ಆ ಜಾಗವನ್ನು ಒತ್ತಬಾರದೆಂದು ತೆನ್ಮೊಳಿ ಹಿಂದೆ ಎಚ್ಚರಿಸಿದ್ದರಿಂದ ಅದೊಂದನ್ನು ಬಿಟ್ಟು ಪಾದಕ್ಕೆ, ಹಿಮ್ಮಡಿಗೆ, ಕತ್ತಿನ ಹಿಂಬದಿಗೆ ಕೊಟ್ಟಳು. ಮೊದಲು ತನ್ನ ಕೆನ್ನೆಗೆ ಇಟ್ಟು ಬಿಸಿ ನೋಡಿ ಆಮೇಲೆ ಮಗುವಿಗೆ. ಧರಣಿ ಬೆಕ್ಕಿನ ಮರಿಯ ಹಾಗೆ ಮೈ ಬಿಟ್ಟು ಮಲಗುತ್ತಿದ್ದಳು. ಸೂಜಿ, ಪಟ್ಟಿ, ಕೊಳವೆ ಇವನ್ನೇ ಮುಟ್ಟಿದ ಮೈಗೆ ಬೇರೆ ಏನಾದರೂ ಮುಟ್ಟಿ ಎಷ್ಟು ಕಾಲವಾಗಿತ್ತು. ನಿದ್ದೆ ಹೋದ ಮಗುವನ್ನು ನೋಡುತ್ತ, ಈಗ ಇವಳ ರಕ್ತವೂ ಮಲಗಿತು ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಆಡಿ ಮುಗಿದು ಮುಂದಿನ ತಿಂಗಳು ಆವಣಿ ಹುಟ್ಟಿತು. ಅಷ್ಟೂ ರಾತ್ರಿ ಆ ರಕ್ತ ಒಳಗೆ ಕಿಡ್ನಿಯನ್ನು ಗುದ್ದುತ್ತಲೇ ಇತ್ತು.

ಇವತ್ತು ಡಾಕ್ಟರು ಕಂಪ್ಯೂಟರು ನೋಡುತ್ತ ಹುಬ್ಬು ಗಂಟಿಕ್ಕಿದರು. 'ಅಮ್ಮಾ, ರಾತ್ರಿ ಒತ್ತಡ ಮೊದಲಿಗಿಂತ ಜಾಸ್ತಿ ಆಗಿದೆಯಲ್ಲ.' ಕನ್ನಿಯಮ್ಮಾಳ್ ಹೊಗಳಿಕೆಯೆಂದೇ ತಿಳಿದಳು. 'ಹೌದು ಸಾರ್, ಜಾಸ್ತಿನೇ ಕೊಡ್ತಾ ಇವ್ನಿ. ಒಂದ್ ದಿನಾನೂ ಬಿಟ್ಟಿಲ್ಲ.'

'ಏನು ಕೊಡ್ತಾ ಇದ್ದೀರಿ?'

'ಒತ್ತಡ ಸಾರ್.'

ಡಾಕ್ಟರು ಅರ್ಥವಾಗದೆ ಅವಳ ಮುಖ ನೋಡಿದರು. 'ಯಾತರಿಂದ?'

'ಉಪ್ಪಲ್ಲಿ.'

'ಮಗುವಿಗೆ ಉಪ್ಪು ಕೊಡ್ತಾ ಇದ್ದೀರಾ?' ಎಂದು ಅವರು ಕುರ್ಚಿಯಿಂದ ಅರ್ಧ ಎದ್ದರು. ಪಕ್ಕದಲ್ಲಿ ನಿಂತಿದ್ದ ತೆನ್ಮೊಳಿಗೆ ಅದು ಹೊಳೆಯಿತು. ಸಾರ್, ಒತ್ತಡಂ, ತಮಿಳಿನಲ್ಲಿ ಬೇರೆ ಸಾರ್ ಎನ್ನುತ್ತ ಅಂಗೈಯನ್ನು ಮುಷ್ಟಿ ಮಾಡಿ ತನ್ನ ತೋಳಿಗೆ ಒತ್ತಿ ಎತ್ತಿ ತೋರಿಸಿ ನಕ್ಕಳು. ತಡೆಯಲಾರದೆ ಬಂದ ನಗು, ಕೆಟ್ಟ ಮನಸ್ಸಿನದಲ್ಲ. ಡಾಕ್ಟರ ಮುಖ ನೋಡಿ ನಡುವೆಯೇ ನಿಲ್ಲಿಸಿದಳು. 'ಹಾಗಾದರೆ ಮಾತ್ರೆ?' ಎಂದರು ಡಾಕ್ಟರು ಮೆಲ್ಲಗೆ. 'ನೀವೇ ಬೇಡಾಂದೀರಲ್ಲ ಸಾರ್' ಎಂದಳು ಕನ್ನಿಯಮ್ಮಾಳ್. ಹೇಳುತ್ತಿದ್ದಂತೆಯೇ ಅದರ ಅರ್ಥ ತನಗೂ ಆಯಿತು. ಧರಣಿ ತನ್ನ ಚಪ್ಪಲಿಯ ಬಾರನ್ನು ನೋಡುತ್ತ ಕೂತಿದ್ದಳು.

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, 'ನಂದೂ ತಪ್ಪಿದೆ ಅಮ್ಮಾ' ಎಂದರು. ಆಮೇಲೆ ತೆನ್ಮೊಳಿಯ ಕಡೆ ತಿರುಗಿ ತಮ್ಮ ಹರಕು ತಮಿಳಿನಲ್ಲಿ ಹೇಳತೊಡಗಿದರು: ಬಿಳಿ ಮಾತ್ರೆ ಇವತ್ತು ರಾತ್ರಿಯಿಂದಲೇ, ರಕ್ತ ಮೂತ್ರ ಎರಡೂ ಪರೀಕ್ಷೆಗೆ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎಷ್ಟಿದೆಯೆಂದು ನೋಡಿ ಮುಂದಿನದು. ಅದನ್ನೇ ತೆನ್ಮೊಳಿ ಒಳ್ಳೆಯ ತಮಿಳಿನಲ್ಲಿ ಅವಳಿಗೆ ಹೇಳಿದಳು. ಡಾಕ್ಟರು ಮತ್ತೆ ಅವಳೊಂದಿಗೆ ಕನ್ನಡ ಆಡಲಿಲ್ಲ. ಬಾಗಿಲವರೆಗೆ ಹೋಗಿ ಅವಳು, 'ಬರ್ತೀನಿ ಸಾರ್' ಎಂದಳು. 'ಸರಿಂಗ ಅಮ್ಮಾ, ಪೋಯಿಟ್ಟು ವಾಂಗ' ಎಂದರು, ಹೋಗಿ ಬನ್ನಿ ಎಂಬುದನ್ನೂ ತಮಿಳಿನಲ್ಲೇ, ಮರ್ಯಾದೆಯಿಂದಲೇ. ಹೊರಗೆ ತೆನ್ಮೊಳಿ ಪೆನ್ನು ಹಿಡಿದು, ನಾಳೆ ರಿಸಲ್ಟ್ ಹೇಳೋಕೆ ಮರುಮಗಳ ನಂಬರ್ ಕೊಡಿ ಪಾಟಿ ಎಂದು ಕೇಳಿದಳು. ಇಷ್ಟು ವರ್ಷ ಅವಳ ನಂಬರೇ ಇತ್ತು. ಅವಳು ಫೋನು ತೆಗೆದು ಸೊಸೆಯ ನಂಬರ್ ಹುಡುಕಿ ಕೊಟ್ಟಳು.

ಪೊಳ್ಳಾಚಿಯಲ್ಲಿ ಬಸ್ಸು ನಿಂತಾಗ ಧರಣಿಗೆ ಎಚ್ಚರವಾಯಿತು. ಕಡಲೆಕಾಯಿ ಮಾರುವವನು ಕಿಟಕಿಗೆ ಬಂದ. ಉಪ್ಪು ಹಾಕಿ ಬೇಯಿಸಿದ್ದು ಬೇಡ ಎಂದು ಹುಡುಗಿಯೇ ತಲೆಯಾಡಿಸಿ ಕಳಿಸಿದಳು. ಆಮೇಲೆ ಮಾಸ್ಕಿನೊಳಗಿಂದ, 'ಆ ಡಾಕ್ಟರ್ ಒತ್ತಡ ಅಂದ್ರೆ ಬಿಪಿ ಅಜ್ಜಿ. ನನಗೆ ಗೊತ್ತಿತ್ತು' ಎಂದಳು.

ಕನ್ನಿಯಮ್ಮಾಳ್ ಹುಡುಗಿಯ ಮುಖ ನೋಡಿದಳು. 'ಯಾವಾಗಿಂದ ಗೊತ್ತು?'

'ಮೊದಲನೇ ದಪ ಅವರು ಪಟ್ಟಿ ಕಟ್ಟುವಾಗ ಹೇಳಿದ್ರು.'

'ಮತ್ತೆ ಯಾಕೆ ಹೇಳ್ಲಿಲ್ಲ, ಕಣ್ಣೂ?'

ಧರಣಿ ಮುಂದಿನ ಸೀಟಿನ ಕಂಬಿ ಹಿಡಿದು ಅದರ ಬಣ್ಣವನ್ನು ಉಗುರಿನಿಂದ ಕೆರೆದಳು. 'ಬೆಚ್ಚಗಿತ್ತು' ಎಂದಳು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, 'ಹೇಳಿದ್ರೆ ನೀ ನಿಲ್ಲಿಸ್ಬಿಡ್ತಿದ್ದೆ. ಮಾತ್ತಿರೆ ಒಂದು ಕಮ್ಮಿನೂ ಆಗಿತ್ತು' ಎಂದಳು. ಬಸ್ಸು ಹೊರಟಿತು. ಕೋಪ ಬರಬೇಕಿತ್ತು, ಬರಲಿಲ್ಲ. ಬಂದದ್ದು ಆಯಾಸ. ಒಂದು ಕಿಡ್ನಿಯನ್ನು ಕೊಟ್ಟು ಇವಳನ್ನು ಉಳಿಸಿಕೊಂಡೆವೆಂದು ಲೋಕಕ್ಕೆಲ್ಲ ಹೇಳಿಕೊಂಡು ತಿರುಗಿದೆವು. ಬೆಚ್ಚಗಿನ ಕೈಯೊಂದಕ್ಕೆ ಈ ಮಗು ಆ ಕಿಡ್ನಿಯನ್ನೇ ಪಣವಿಡುವಷ್ಟು ಬಡವಾಗಿತ್ತೆಂದು ಯಾರಿಗೂ ಕಾಣಲಿಲ್ಲ ಎಂದು ಅನಿಸಿ ಅವಳಿಗೆ ಅಳು ಬಂತು. ಮುಖವನ್ನು ಕಿಟಕಿಗೆ ತಿರುಗಿಸಿದಳು. 'ಇದನ್ನ ನಿಮ್ಮಮ್ಮನ ಹತ್ರ ಹೇಳ್ಬೇಡ' ಎಂದಳು. ಧರಣಿ ತಲೆಯಾಡಿಸಿ ಮತ್ತೆ ತೊಡೆಯ ಮೇಲೆ ಒರಗಿದಳು. ಮಗುವಿಗೆ ಗೊತ್ತಿತ್ತೆಂಬುದನ್ನು ತಾನು ಹೇಳಬೇಕಾಗಿಲ್ಲ, ಹೇಳುವುದೂ ಇಲ್ಲ ಎಂದು ಕನ್ನಿಯಮ್ಮಾಳ್ ನಿಶ್ಚಯಿಸಿದಳು. ಆ ದಿನದಲ್ಲಿ ಅವಳಿಗೆ ಸ್ಪಷ್ಟವಾಗಿ ತಿಳಿದದ್ದು ಅದೊಂದೇ.

ಕಂಪೆನಿ ವ್ಯಾನು ಕತ್ತಲಾಗುತ್ತಿದ್ದಂತೆ ಬಂತು. ಜಯಪ್ರಿಯಾ ಒಳಗೆ ಬಂದು, ಕೂದಲಲ್ಲಿ ಸಿಕ್ಕಿಕೊಂಡಿದ್ದ ಹತ್ತಿಯ ನೂಲುಗಳನ್ನು ತೆಗೆಯುತ್ತ, 'ಡಾಕ್ಟರ್ ಏನಂದ್ರು ಅತ್ತೆ' ಎಂದಳು. ಸೊಸೆ ಮುಖ ತೊಳೆಯಲಿ, ಕಾಫಿ ಕುಡಿಯಲಿ, ಉಣ್ಣಲಿ ಎಂದು ಕನ್ನಿಯಮ್ಮಾಳ್ ತಳ್ಳುತ್ತಾ ಬಂದಳು. ಊಟವೂ ಆಯಿತು. ಲೋಡಿನ ಜೊತೆ ಹೋಗಿದ್ದ ಪ್ರೇಮ್ ಕುಮಾರ್ ಇನ್ನೂ ಬಂದಿರಲಿಲ್ಲ. ಚಾಪೆ ಹಾಸಿದ್ದಾಯಿತು. ಮಗು ಗೋಡೆಯ ಕಡೆ ಹೊರಳಿಕೊಂಡು ಕಣ್ಣು ಮುಚ್ಚಿತ್ತು, ನಿದ್ದೆ ಹೋಗಿರಲಿಲ್ಲ. ಇನ್ನು ತಳ್ಳಲು ಏನೂ ಉಳಿದಿರಲಿಲ್ಲ. ಮಾತ್ರೆಯ ಡಬ್ಬಿಯನ್ನು ತಂದು ಸೊಸೆಯ ಮುಂದಿಟ್ಟಳು. ಬಾಯಿ ತೆರೆದಳು, ಆದರೆ ಹುಟ್ಟಿದಾಗಿನಿಂದ ಆಡಿದ ಮಾತು ಬರಲೊಲ್ಲದು. ಇಷ್ಟು ದೊಡ್ಡದನ್ನು ಅದರ ಮೇಲೆ ಹೊರಿಸಲು ಭಯವಾಯಿತು. ಮತ್ತೆ ಎಲ್ಲಿ ಒಂದು ಅಕ್ಷರ ಉದುರಿ ಏನೋ ಒಂದಾಗಿ ಕೇಳುತ್ತದೋ ಎಂದು. ಮೂರು ತಲೆಮಾರಿನಿಂ‌ದ ಈ ಮನೆಯ ಒಳಗೆ ಒಬ್ಬರಿಗೊಬ್ಬರು ಆಡದ ಭಾಷೆಯಲ್ಲಿ, ಅಂಗಡಿಯವನಿಗೆ ಹೇಳುವ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದಳು: 'ಬಿಪಿ ಮಾತ್ತಿರೈಯ ರಾತ್ತಿರಿ ಕುಡುಕ್ಕ ಸೊನ್ನಾಂಗ. ನಾನ್ ಕುಡುಕ್ಕಲ, ಜಯಾ. ಆಡಿಯಿಲಿರುಂದು ಕುಡುಕ್ಕವೇ ಇಲ್ಲ.'

ಜಯಪ್ರಿಯಾ ಮೊದಲು ಅತ್ತೆ ತಮಿಳಾಡಿದ್ದಕ್ಕೆ ಬೆಚ್ಚಿದಳು, ಆಮೇಲೆ ಆಡಿದ ಮಾತಿಗೆ: ರಾತ್ರಿ ಕೊಡಿ ಎಂದಿದ್ದ ಬಿಪಿ ಮಾತ್ರೆಯನ್ನು ಆಡಿ ತಿಂಗಳಿನಿಂದ ಕೊಟ್ಟೇ ಇಲ್ಲ. ಒತ್ತಡದ ಕತೆ, ಬಿಪಿ ಏರಿದ್ದು, ನಾಳೆ ಬರುವ ಫೋನು, ಎಲ್ಲವನ್ನೂ ಕೇಳಿದಳು. ಕೂಗಾಡಲಿಲ್ಲ. ಕೂಗಾಡುವಷ್ಟು ಶಕ್ತಿ ತಿರುಪ್ಪೂರಿನಲ್ಲೇ ಖರ್ಚಾಗಿತ್ತು.

'ಅವತ್ತು ಸಿಸ್ಟರ್ ಹತ್ರ ಕೇಳ್ಲಾ ಅಂದೆ.'

'ಅಂದೆ.'

'ಬೇಡಾಂದ್ರಿ.'

'ಬೇಡಾಂದೆ.'

'ನೀವು ಕೊಟ್ಟದ್ದು ಇನ್ನೂ ನಿಮ್ದೇ ಅಂದ್ಕೊಂಡಿದ್ದೀರಿ ಅತ್ತೆ' ಎಂದಳು ಜಯಪ್ರಿಯಾ. 'ಅದು ಈಗ ಅವಳ್ದು.'

ಗೋಡೆಯ ಕಡೆ ಮಲಗಿದ್ದ ಧರಣಿಯ ಬೆನ್ನು ಅಲುಗಿತು. ಎದ್ದು ಕೂತು ಎಲ್ಲವನ್ನೂ ಹೇಳಿಬಿಡುತ್ತಾಳೇನೋ ಎಂದು ಕನ್ನಿಯಮ್ಮಾಳ್ ಅವಳ ಬೆನ್ನಿನ ಮೇಲೆ ಕೈಯಿಟ್ಟಳು, ಇಟ್ಟೇ ಇದ್ದಳು. 'ಆಮಾ, ಅವಳ್ದು' ಎಂದಳು. ಜಯಪ್ರಿಯಾ ಡಬ್ಬಿ ತೆರೆದು ಬಿಳಿ ಮಾತ್ರೆ ತೆಗೆದು, ಮಗಳನ್ನು ಎಬ್ಬಿಸಿ, ನೀರು ಹಿಡಿದು ನುಂಗಿಸಿದಳು. ಬಾಯಿ ತೆರೆಸಿ ನಾಲಿಗೆಯ ಕೆಳಗೂ ನೋಡಿದಳು. ಆಮೇಲೆ ಡಬ್ಬಿಯನ್ನು ತನ್ನ ಬೀರುವಿನೊಳಗಿಟ್ಟು ಬೀಗ ಹಾಕಿದಳು. ಬೀಗದ ಸದ್ದು ಕನ್ನಿಯಮ್ಮಾಳಿಗೆ ಆಪರೇಷನ್ನಿನ ಗಾಯಕ್ಕಿಂತ ಆಳದಲ್ಲಿ ಎಲ್ಲೋ ನೋಯಿಸಿತು, ಹಾಗೆಯೇ ಎಲ್ಲೋ ಹಗುರವೂ ಆಯಿತು.

ಅವಳು ಅಡುಗೆಮನೆಗೆ ಹೋದಳು. ಏನು ಮಾಡುತ್ತಿದ್ದೇನೆಂದು ಯೋಚಿಸದೆಯೇ ಬಾಣಲೆ ಇಟ್ಟು ಕಲ್ಲುಪ್ಪು ಹಾಕಿದ್ದಳು. ಉಪ್ಪು ಚಟಪಟ ಎಂದಾಗಲೇ ತಿಳಿದದ್ದು. ಮಾತ್ರೆ ಬೇರೆ, ಇದು ಬೇರೆ, ಇದರಿಂದ ಕೇಡಿಲ್ಲ ಪಾಟಿ ಎಂದು ತೆನ್ಮೊಳಿ ಹೊರಡುವಾಗ ಹೇಳಿದ್ದಳು. ಗಂಟು ಕಟ್ಟಿಕೊಂಡು ಬರುವಷ್ಟರಲ್ಲಿ ಧರಣಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ರಕ್ತ ಮಲಗಿತ್ತೋ ಇಲ್ಲವೋ ಎಂಬುದನ್ನು ಅವಳು ಇನ್ನು ತಾನಾಗಿ ಹೇಳಿಕೊಳ್ಳುವಂತಿರಲಿಲ್ಲ. ಆರುತ್ತಿರುವ ಗಂಟನ್ನು ಹಿಡಿದು ಚಾಪೆಯ ಪಕ್ಕದಲ್ಲಿ ನಿಂತಳು. ಆ ಕಡೆ ಗೋಡೆಗೆ ಮುಖ ಮಾಡಿ ಮಲಗಿದ್ದ ಜಯಪ್ರಿಯಾ ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ದಿನವಿಡೀ ನಿಂತು ಊದಿದ ಒಂದು ಕಾಲನ್ನು ಹೊದಿಕೆಯಿಂದ ಹೊರಗೆ ಚಾಚಿದಳು.

ಕನ್ನಿಯಮ್ಮಾಳ್ ಕೂತು, ಉಪ್ಪಿನ ಗಂಟನ್ನು ಮೊದಲು ತನ್ನ ಕೆನ್ನೆಗೆ ಇಟ್ಟು ನೋಡಿದಳು.